ಕಪಾಟಿನ ಮೇಲಿನ ಬಿಳಿ ಶೂ

ನಮ್ಮ ಮನೆಗೆ ಬರುತ್ತಿದ್ದ ಸಾಮಾನಿನಲ್ಲಿ ಎರಡು ಜಾತಿ. ಒಂದು ‘ಇಲ್ಲಿಗೆ’, ಇನ್ನೊಂದು ‘ಊರಿಗೆ’. ಇಲ್ಲಿಗೆ ಎಂದರೆ ದೋಹಾದ ಅಲ್ ಮುಂತಜಾದಲ್ಲಿದ್ದ ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ ನಾವು ತಿಂದು, ಉಟ್ಟು, ಹರಿದು ಮುಗಿಸುವಂಥದ್ದು. ಊರಿಗೆ ಎಂದರೆ ಮುಟ್ಟಬಾರದ್ದು. ಗಟ್ಟಿಯಾಗಿ ಘಮಘಮಿಸುವ ಸೋಪು ಊರಿಗೆ. ನಾಲ್ಕು ಸಲ ಮಿಂದರೆ ಲೋಳೆಯಾಗುವ ಸೋಪು ಇಲ್ಲಿಗೆ. ಬಾದಾಮಿ, ಪಿಸ್ತಾ ಊರಿಗೆ, ನೆಲಗಡಲೆ ಇಲ್ಲಿಗೆ. ಮೆತ್ತನೆಯ ಟವೆಲ್ ಊರಿಗೆ. ಮೈ ಒರೆಸಿದರೆ ನೂಲು ಅಂಟುವ ಟವೆಲ್ ಇಲ್ಲಿಗೆ. ಮಂಚದ ಕೆಳಗೆ ಎರಡು ಸೂಟ್‌ಕೇಸುಗಳು ವರ್ಷವಿಡೀ ಬಾಯಿ ತೆರೆದುಕೊಂಡೇ ಬಿದ್ದಿರುತ್ತಿದ್ದವು. ಅಮ್ಮ ಅಂಗಡಿಯಿಂದ ಬಂದವಳೇ ಮೊದಲು ಅವುಗಳ ಹೊಟ್ಟೆ ತುಂಬಿಸುತ್ತಿದ್ದಳು, ನಮ್ಮದು ಆಮೇಲೆ. ಯಾವ ಹೊಸ ಪೊಟ್ಟಣ ಕಂಡರೂ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, “ಇದು ಊರಿಗಾ?” ಹೌದು ಎಂದರೆ ನನ್ನ ಮುಖ ಊದಿಕೊಳ್ಳುತ್ತಿತ್ತು. ಹೆಚ್ಚಾಗಿ ಹೌದೇ ಆಗಿರುತ್ತಿತ್ತು.

ಊರಿಗೆ ಎಂದರೆ ಊರಿನ ನೆಂಟರಿಗೆಲ್ಲ ಎಂದು ಹೊರಗಿನವರು ತಿಳಿದುಕೊಳ್ಳಬಹುದು. ನನಗೆ ಚೆನ್ನಾಗಿ ಗೊತ್ತಿತ್ತು, ಅದು ವೀಣಕ್ಕನಿಗೆ. ವೀಣಕ್ಕ ನನ್ನ ಒಡಹುಟ್ಟಿದ ಅಕ್ಕ, ನನಗಿಂತ ಒಂದೂವರೆ ವರ್ಷ ದೊಡ್ಡವಳು. ಪಪ್ಪ ಕತಾರಿಗೆ ಬಂದು ಒಂದು ಕೋಣೆ ಹಿಡಿದು ಅಮ್ಮನನ್ನು ಕರೆಸಿಕೊಂಡಾಗ ಎರಡು ಕೂಸುಗಳನ್ನು ಕಟ್ಟಿಕೊಂಡು ಬರುವುದು ಹೇಗೆಂದು ಮನೆಯಲ್ಲಿ ಚರ್ಚೆಯಾಯಿತಂತೆ. ಮೊಲೆ ಕುಡಿಯುವವಳನ್ನು ಬಿಡುವ ಹಾಗಿಲ್ಲ, ಅನ್ನ ಉಣ್ಣುವವಳನ್ನು ಬಿಡಬಹುದು ಎಂದು ತೀರ್ಮಾನವಾಯಿತು. ಒಂದು ವರ್ಷದ ಮಟ್ಟಿಗೆ ಎಂದು ಹೇಳಿ ವೀಣಕ್ಕನನ್ನು ಪಡುಬಿದ್ರಿಯಲ್ಲಿ ಅಜ್ಜಿಯ ಹತ್ತಿರ ಬಿಟ್ಟರು. ಆಮೇಲೆ ಅಜ್ಜಿ ಅವಳನ್ನು ಬಿಟ್ಟುಕೊಡಲಿಲ್ಲ, ಆಮೇಲೆ ಶಾಲೆ ಶುರುವಾಯಿತು, ಆಮೇಲೆ ಇಲ್ಲಿಯ ಶಾಲೆಗೆ ಈಗ ಸೇರಿಸಿದರೆ ಅವಳಿಗೆ ಕಷ್ಟ ಎಂದಾಯಿತು. ಹೀಗೆ ಆ ಒಂದು ವರ್ಷ ನಮ್ಮ ಬಾಲ್ಯ ಮುಗಿದರೂ ಮುಗಿಯಲಿಲ್ಲ. ಗಲ್ಫಿಗೆ ಹೋದ ಕರಾವಳಿಯವರ ಮನೆಗಳಲ್ಲಿ ಇದೇನೂ ಹೊಸ ಕತೆಯಲ್ಲ. ಆದರೆ ಉಳಿದ ಮನೆಗಳಲ್ಲಿ ಹಿಂದೆ ಉಳಿದ ಮಗುವಿನ ಕತೆ ಹೇಳುತ್ತಾರೆ. ಜೊತೆಗೆ ಬಂದ ಮಗುವಿನ ಹೊಟ್ಟೆಕಿಚ್ಚಿನ ಕತೆ ಯಾರೂ ಹೇಳುವುದಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ.

ಆ ಫ್ಲ್ಯಾಟಿನಲ್ಲಿ ನಮ್ಮ ಜೊತೆ ಇನ್ನೊಂದು ಕುಟುಂಬವಿತ್ತು. ಹಜಾರದ ಎಡಕ್ಕೆ ನಾವು, ಬಲಕ್ಕೆ ಜುಬೈದಕ್ಕ ಮತ್ತು ಅವರ ಗಂಡ, ಮಗ. ಅವರು ಉಳ್ಳಾಲ ಕಡೆಯ ಬ್ಯಾರಿಗಳು. ಅಡುಗೆಮನೆ ಒಂದೇ, ಒಲೆ ಎರಡು. ಒಂದು ಒಲೆಯಲ್ಲಿ ನಮ್ಮ ಮೀನುಸಾರು ಕುದಿಯುತ್ತಿದ್ದರೆ ಇನ್ನೊಂದರಲ್ಲಿ ಜುಬೈದಕ್ಕ ಅಕ್ಕಿಹಿಟ್ಟಿನ ಪತ್ತಿರಿ ಬೇಯಿಸುತ್ತಿದ್ದರು. ಎರಡು ಮನೆಯ ಮಕ್ಕಳೂ ಎರಡೂ ಕಡೆ ತಿನ್ನುತ್ತಿದ್ದೆವು. ಜುಬೈದಕ್ಕ ಹೆಂಗಸರ ಬ್ಯೂಟಿ ಪಾರ್ಲರಿನಲ್ಲಿ ಕೂದಲಿಗೆ ಬಣ್ಣ ಹಾಕುವ ಕೆಲಸ ಮಾಡುತ್ತಿದ್ದರು. ನಮ್ಮ ಕೋಣೆಯಲ್ಲಿ ಮಂಚ, ನನ್ನ ಹಾಸಿಗೆ, ಗುಡುಗಿನ ಹಾಗೆ ಸದ್ದು ಮಾಡುವ ಕಿಟಕಿ ಏಸಿ, ಅದರ ಎದುರು ಒಂದು ದೊಡ್ಡ ಮರದ ಕಪಾಟು. ಕಪಾಟಿನ ಬಾಗಿಲಿಗೆ ವೀಣಕ್ಕನ ಫೋಟೋ ಅಂಟಿಸಿತ್ತು. ನನ್ನ ಫೋಟೋ ಇರಲಿಲ್ಲ. ಕೇಳಿದರೆ ಅಮ್ಮ ನಗುತ್ತಿದ್ದಳು.

“ನೀನೇ ಎದುರಿಗೆ ಇದ್ದೀಯಲ್ಲ ಮಾರಾಯ್ತಿ, ನಿನ್ನ ಫೋಟೋ ಎಂತಕ್ಕೆ?”

ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ಶಾಲೆಯಲ್ಲಿ ಕಲಿಯುವ ಮೊದಲೇ ನನಗೆ ಅದರ ಅರ್ಥ ಗೊತ್ತಿತ್ತು. ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಊರಿಗೆ ಫೋನು. ಅಮ್ಮ ರಿಸೀವರನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು. ಏನು ತಿಂದಿ, ತಲೆಗೆ ಎಣ್ಣೆ ಹಾಕಿದ್ದಾರಾ, ಕೆಮ್ಮು ಹೋಯಿತಾ, ಹೊಸ ಟೀಚರ್ ಬೈಯುತ್ತಾರಾ? ನಾನು ಎದುರಿಗೇ ಕೆಮ್ಮುತ್ತಾ ನಿಂತಿದ್ದರೂ ಆ ದನಿ ನನ್ನ ಕಡೆಗೆ ಬರುತ್ತಿರಲಿಲ್ಲ. ನನ್ನ ಜೊತೆ ಅಮ್ಮ ಮಾತಾಡುತ್ತಿದ್ದದ್ದು ಬೇರೆ ದನಿಯಲ್ಲಿ: ಏಳು, ಮೀ, ತಿನ್ನು, ಬಸ್ಸು ಬಂತು, ಯಲ್ಲಾ ಯಲ್ಲಾ. ಫೋನಿನ ದನಿ ಮೆತ್ತನೆಯ ಟವೆಲಿನ ಹಾಗೆ, ಅದೂ ಊರಿಗೇ. ಕೊನೆಗೆ ಫೋನ್ ಕಾರ್ಡಿನ ದುಡ್ಡು ಮುಗಿಯುತ್ತ ಬಂದಾಗ ರಿಸೀವರ್ ನನ್ನ ಕೈಗೆ ಬರುತ್ತಿತ್ತು. “ಅಕ್ಕನ ಹತ್ರ ಮಾತಾಡು” ಎನ್ನುತ್ತಿದ್ದಳು ಅಮ್ಮ. ನಾನು “ಹಲೋ” ಎನ್ನುತ್ತಿದ್ದೆ, ಅವಳೂ “ಹಲೋ” ಎನ್ನುತ್ತಿದ್ದಳು. ಅಷ್ಟರಲ್ಲಿ ಕಾರ್ಡು ಮುಗಿದು ಲೈನು ಕಟ್ಟಾಗುತ್ತಿತ್ತು.

ಆ ಬಿಳಿ ಶೂ ಮನೆಗೆ ಬಂದದ್ದು ಒಂದು ಚಳಿಗಾಲದಲ್ಲಿ. ಮುಂದಿನ ಬೇಸಿಗೆ ರಜೆಗೆ ಊರಿಗೆ ಹೋಗಲಿಕ್ಕುಂಟು ಎಂದು ಅಮ್ಮ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದಳು. ಬೆಳ್ಳಗೆ, ಬದಿಯಲ್ಲಿ ಬೆಳ್ಳಿ ಬಣ್ಣದ ಒಂದು ಗೆರೆ, ಅಡಿಯಲ್ಲಿ ಹಾಲಿನ ಕೆನೆಯ ಹಾಗೆ ದಪ್ಪ ಬಿಳಿ ಸೋಲು. ಅಂಗಡಿಯವನು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಕಾಲಿಗೆ ಹಾಕಿದ. ನಾನು ಕಾರ್ಪೆಟ್ಟಿನ ಮೇಲೆ ಆ ಕಡೆ ಈ ಕಡೆ ನಡೆದೆ, ಕನ್ನಡಿಯಲ್ಲಿ ಕಾಲು ನೋಡಿಕೊಂಡೆ. ನನ್ನ ಕಾಲು ಅಷ್ಟು ಚಂದ ಅಂತ ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಅಮ್ಮ ಮಂಡಿಯೂರಿ ಕುಳಿತು ನನ್ನ ಹಿಮ್ಮಡಿಯ ಹಿಂದೆ ತೋರುಬೆರಳು ತೂರಿಸಿದಳು. ಬೆರಳು ಸಲೀಸಾಗಿ ಒಳಗೆ ಹೋಯಿತು.

“ಹಾಂ, ಸರಿ. ವೀಣ ನಿನಗಿಂತ ಒಂದು ಬೆರಳು ದೊಡ್ಡ. ಅವಳಿಗೆ ಕರೆಕ್ಟ್ ಆಗ್ತದೆ.”

ನಾನು ಕಾಲು ಮಡಚಿ ಹಿಂದಕ್ಕೆ ಎಳೆದುಕೊಂಡೆ.

“ಇದು ಊರಿಗಾ?”

“ಮತ್ತೆ ಎಂತ? ಬಿಚ್ಚು, ಮಣ್ಣಾಗ್ತದೆ.”

“ನನಗೆ?”

“ನಿನ್ನ ಕ್ಯಾನ್ವಾಸ್ ಉಂಟಲ್ಲ. ಇಲ್ಲಿ ಯಾರು ನೋಡ್ತಾರೆ ನಿನ್ನ ಶೂ?”

ಎಲ್ಲದಕ್ಕೂ ಹೀಗೆಯೇ. ಫ್ರಾಕು ತೆಗೆದರೆ ನನ್ನ ಭುಜಕ್ಕೆ ಹಿಡಿದು ನೋಡಿ ಒಂದು ಬೆರಳು ಜಾಸ್ತಿ, ಬಳೆ ತೆಗೆದರೆ ನನ್ನ ಕೈಗೆ ಹಾಕಿ ಒಂದು ಸೈಜು ದೊಡ್ಡದು. ನನ್ನ ಮೈ ವೀಣಕ್ಕನ ಅಳತೆಕೋಲು. ದರ್ಜಿಯ ಅಂಗಡಿಯಲ್ಲಿ ನಿಲ್ಲಿಸಿರುವ ಕೈಕಾಲಿಲ್ಲದ ಗೊಂಬೆಗಾದರೂ ಬಟ್ಟೆ ಸ್ವಲ್ಪ ದಿನ ಉಳಿಯುತ್ತದೆ. ನನ್ನ ಮೈಯಿಂದ ಅಲ್ಲೇ ಬಿಚ್ಚಿ ಮಡಚುತ್ತಿದ್ದರು. ಬಸ್ಸಿನಲ್ಲಿ ಬರುವಾಗ ಆ ಪೆಟ್ಟಿಗೆ ನನ್ನ ತೊಡೆಯ ಮೇಲೆಯೇ ಇತ್ತು. ಅದರ ಹೊಸ ರಬ್ಬರಿನ ವಾಸನೆಗೆ ನನಗೆ ಅಳು ಬಂತು, ಸಿಟ್ಟೂ ಬಂತು. ಅಮ್ಮ ಮುಂದಿನ ಶುಕ್ರವಾರವೇ ಫೋನಿನಲ್ಲಿ ಶೂವಿನ ವರ್ಣನೆ ಮಾಡಿದಳು, ಬೆಳ್ಳಿ ಗೆರೆಯ ಸಮೇತ. ಅಲ್ಲಿಂದ ಮೇಲೆ ಪ್ರತಿ ಶುಕ್ರವಾರ ವೀಣಕ್ಕ ಕೇಳುತ್ತಿದ್ದಳಂತೆ, “ಅಮ್ಮ, ಶೂ ಉಂಟಲ್ಲ?”

ಶೂ ಇತ್ತು. ಅಮ್ಮ ಅದಕ್ಕೆ ಧೂಳು ತಾಗಬಾರದೆಂದು ಒಂದರ ಮೇಲೊಂದು ಪ್ಲಾಸ್ಟಿಕ್ ತೊಟ್ಟೆ ಸುತ್ತಿ, ಟೇಪು ಹಾಕಿ, ಒಳಗೊಂದು ನುಸಿಗುಳಿಗೆ ಇಟ್ಟು, ಪೆಟ್ಟಿಗೆಯನ್ನು ಕಪಾಟಿನ ಮೇಲೆ ಇಟ್ಟಿದ್ದಳು. ಸಂಜೆಯ ಬಿಸಿಲು ಕಿಟಕಿಯಿಂದ ನೇರವಾಗಿ ಬೀಳುತ್ತಿದ್ದದ್ದು ಅಲ್ಲಿಗೇ. ಆ ಬೇಸಿಗೆಯಲ್ಲಿ ಪಪ್ಪನಿಗೆ ರಜೆ ಸಿಗಲಿಲ್ಲ. ಕಂಪನಿಯಲ್ಲಿ ಜನ ಕಡಿಮೆಯಿದ್ದರು, ರಜೆ ‘ಮಾಫಿ’, ಅಂದರೆ ಅರಬಿಯಲ್ಲಿ ಇಲ್ಲ. ಅಮ್ಮ ಅಡುಗೆಮನೆಯಲ್ಲಿ ಮೂಗು ಒರೆಸಿಕೊಂಡಳು. ನಾನು ಮಾತ್ರ ಕಪಾಟಿನ ಮೇಲೆ ನೋಡಿ ಲೆಕ್ಕ ಹಾಕಿದೆ: ಇನ್ನೊಂದು ವರ್ಷದಲ್ಲಿ ನನ್ನ ಕಾಲು ಒಂದು ಬೆರಳು ಬೆಳೆಯುತ್ತದೆ.

ಬೆಳೆಯಿತು. ಮರುವರ್ಷ ಚಳಿ ಇಳಿಯುವ ಹೊತ್ತಿಗೆ ಪಪ್ಪನ ರಜೆ ಪಾಸಾಯಿತು ಎಂದು ಅಮ್ಮ ಖುಷಿಯಿಂದ ಪೆಟ್ಟಿಗೆ ಇಳಿಸಿ ತೊಟ್ಟೆಗಳನ್ನು ಬಿಚ್ಚಿದಳು. ಬಿಚ್ಚಿದವಳು ಹಾಗೆಯೇ ಕುಳಿತುಬಿಟ್ಟಳು. ಒಮ್ಮೆಯೂ ನೆಲ ಕಾಣದ ಶೂ, ಅಡಿಯಲ್ಲಿ ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗಿತ್ತು. ಮೇಲ್ಭಾಗ ಬೆಳ್ಳಗೆ, ಸೋಲು ಸುತ್ತಲೂ ಹಳದಿ. ನಾನು ಅಮ್ಮ ಹೇಳುವ ಮೊದಲೇ ಕಾಲಿಗೆ ಏರಿಸಿಕೊಂಡೆ. ಹಿಂದೆ ಬೆರಳಿಗೆ ಜಾಗವಿರಲಿಲ್ಲ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತ್ತು.

“ಅಮ್ಮಾ, ನೋಡು! ನನಗೆ ಕರೆಕ್ಟ್!”

ಅಮ್ಮ ನನ್ನ ಹಿಮ್ಮಡಿಯ ಹಿಂದೆ ಬೆರಳು ತೂರಿಸಲು ನೋಡಿದಳು, ಆಗಲಿಲ್ಲ.

“ನಿನಗೆ ಕರೆಕ್ಟ್ ಅಂದ್ರೆ ಅವಳಿಗೂ ಆಗ್ತದೆ. ಅವಳು ಅಷ್ಟೊಂದು ಬೆಳೆದಿರ್ಲಿಕ್ಕಿಲ್ಲ.”

“ನಾನು ಬೆಳೆದ್ರೆ ಅವಳು ಬೆಳೆಯುದಿಲ್ವಾ?”

“ಬಿಚ್ಚು ಅಂದೆ!”

ಪಪ್ಪ ಪೇಪರಿನಿಂದ ತಲೆಯೆತ್ತಿ, “ಇದನ್ನು ಇವಳಿಗೇ ಕೊಡು ಲೀಲಾ. ಅವಳಿಗೆ ಹೊಸತು ತೆಗೆಯುವ” ಎಂದರು. ಜೀವಮಾನದಲ್ಲಿ ಪಪ್ಪ ನನ್ನ ಪರವಾಗಿ ಆಡಿದ ಅತ್ಯುತ್ತಮ ಮಾತು ಅದು.

“ಆಗುದಿಲ್ಲ,” ಅಂದಳು ಅಮ್ಮ. “ಬೆಳ್ಳಿ ಗೆರೆದು ಅಂತ ಹೇಳಿ ಆಗಿದೆ. ಆ ಮಾಡೆಲ್ ಈಗ ಅಂಗಡಿಯಲ್ಲಿ ಇಲ್ಲ, ನಾನು ಕೇಳಿದ್ದೇನೆ. ಒಂದು ವರ್ಷದಿಂದ ಆ ಹುಡುಗಿ ಇದನ್ನೇ ಕಾಯ್ತಾ ಉಂಟು. ಹೀಗೆ ಹಳದಿ ತೆಗೊಂಡು ಹೋದ್ರೆ ತಂಗಿ ಹಾಕಿ ಬಿಟ್ಟದ್ದನ್ನು ತಂದಿದ್ದಾರೆ ಅಂತ ತಿಳ್ಕೊಳ್ತಾಳೆ. ಅವಳಿಗೆ ಹಾಗೆ ಅನ್ನಿಸ್ಬಾರ್ದು ನೋಡಿ, ಅದೊಂದು ಅನ್ನಿಸ್ಬಾರ್ದು.”

ಅಲ್ಲಿಂದ ನಮ್ಮ ಮನೆಯಲ್ಲಿ ಶೂವಿನ ಚಿಕಿತ್ಸೆ ಶುರುವಾಯಿತು. ಮೊದಲು ಟೂತ್‌ಪೇಸ್ಟು, ಹಳೆಯ ಹಲ್ಲುಜ್ಜುವ ಬ್ರಶ್ಶು. ಕೊಳೆಯಿದ್ದರೆ ಹೋಗುತ್ತಿತ್ತೋ ಏನೋ, ಕೊಳೆಯೇ ಇರಲಿಲ್ಲವಲ್ಲ. ಆಮೇಲೆ ಅಡುಗೆ ಸೋಡಾಕ್ಕೆ ವಿನೆಗರ್ ಹಾಕಿ ನೊರೆ ಬರಿಸಿ ಉಜ್ಜಿದಳು. ಹಳದಿ ಅಲ್ಲಾಡಲಿಲ್ಲ. ಮೂರನೆಯದಾಗಿ ಕಕ್ಕಸು ತೊಳೆಯುವ ಬ್ಲೀಚು. ಅದನ್ನು ಹಾಕಿದ್ದೇ ತಡ, ಹಲ್ಲಿನ ಬಣ್ಣವಿದ್ದದ್ದು ತುಪ್ಪದ ಬಣ್ಣಕ್ಕೆ ಇಳಿಯಿತು. ಅಮ್ಮನ ಕೈಯ ಚರ್ಮ ಸುಲಿದುಹೋಗಿತ್ತು. ಒಗೆಯುವ ಕಲ್ಲಿಲ್ಲದ ಆ ಬಚ್ಚಲಿನಲ್ಲಿ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕುಳಿತು, ಸೀರೆ ಮೇಲೆ ಕಟ್ಟಿ, ಶೂವನ್ನು ಮಡಿಲಲ್ಲಿ ಇಟ್ಟುಕೊಂಡು ಅವಳು ಉಜ್ಜುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನ ಕ್ಯಾನ್ವಾಸ್ ಶೂವನ್ನು ನಾನೇ ತೊಳೆದು ಚಾಕ್ ಹಚ್ಚಿಕೊಳ್ಳುತ್ತಿದ್ದೆ. ನನ್ನದೇನನ್ನೂ ಅಮ್ಮ ಹಾಗೆ ಮಡಿಲಲ್ಲಿ ಇಟ್ಟುಕೊಂಡು ತೊಳೆದದ್ದು ನಾನು ನೋಡಿರಲಿಲ್ಲ. ಒಂದು ಜೊತೆ ರಬ್ಬರಿನ ಮೇಲೆ ಮನುಷ್ಯರಿಗೆ ಇಷ್ಟು ಹೊಟ್ಟೆ ಉರಿಯುತ್ತದೆಯೇ ಎಂದು ಕೇಳಬೇಡಿ. ಉರಿಯುತ್ತದೆ.

ಜುಬೈದಕ್ಕ ಕೆಲಸದಿಂದ ಬಂದವರು ಬಚ್ಚಲ ಬಾಗಿಲಲ್ಲಿ ನಿಂತು ನೋಡಿದರು.

“ಅಲ್ಲಾ ಲೀಲಕ್ಕಾ, ಒಣಮೀನು ಕಟ್ಟಿಟ್ಟ ಹಾಗೆ ತೊಟ್ಟೆಯಲ್ಲಿ ಕಟ್ಟಿಟ್ರೆ ಹಳದಿಯಾಗದೆ ಇನ್ನೆಂತ ಆಗ್ತದೆ? ಆ ಸೆಖೆಗೆ ಒಳಗೆ ಬೆಂದು ಹೋಗಿದೆ ಅದು.”

“ಈಗ ಎಂತ ಮಾಡುದು ಹೇಳಿ ಜುಬೈದಕ್ಕ. ನನಗೆ ತಲೆ ಕೆಟ್ಟುಹೋಗಿದೆ.”

“ಬ್ಲೀಚ್ ಖಲಾಸ್, ಇನ್ನು ಅದನ್ನು ಮುಟ್ಬೇಡಿ. ಕೂದಲಿನ ಬಣ್ಣ ತೆಗೀಲಿಕ್ಕೆ ನಮ್ಮಲ್ಲಿ ಒಂದು ಬಿಳಿ ಕ್ರೀಮ್ ಉಂಟು. ಕಪ್ಪು ಕೂದಲನ್ನೇ ಮೆಡಮ್‌ಗಳದ್ದು ಚಿನ್ನದ ಹಾಗೆ ಮಾಡ್ತದೆ, ಈ ರಬ್ಬರ್ ಯಾವ ಲೆಕ್ಕ? ನೋಡುವ. ಆದ್ರೆ ಆಯ್ತು, ಹೋದ್ರೆ ಹೋಯ್ತು.”

ಆ ‘ಹೋದ್ರೆ ಹೋಯ್ತು’ ಎನ್ನುವ ಮಾತು ನನ್ನ ಕಿವಿಗೆ ಜೇನು ಹೊಯ್ದ ಹಾಗಾಯಿತು. ರಜೆಯ ದಿನ ಬೆಳಗ್ಗೆ ನಾವು ಮೂವರೂ ತಾರಸಿಗೆ ಹತ್ತಿದೆವು. ಮೇಲ್ಭಾಗಕ್ಕೆ ತಾಗದಂತೆ ಸೋಲಿನ ಅಂಚಿಗೆ ಟೇಪು ಸುತ್ತಿ, ಸೋಲಿಗೆ ಮಾತ್ರ ಬ್ರಶ್ಶಿನಿಂದ ದಪ್ಪಗೆ ಕ್ರೀಮ್ ಬಳಿದು, ಅದು ಒಣಗದಂತೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ನೀರಿನ ಟ್ಯಾಂಕಿನ ಪಕ್ಕ ಬಿಸಿಲಿಗೆ ಇಟ್ಟರು. ಬಿಸಿಲು ಎಲ್ಲ ಕಡೆಗೂ ಬೀಳುವಂತೆ ಆಗಾಗ ತಿರುಗಿಸಬೇಕು, ಕ್ರೀಮ್ ಒಣಗಿದರೆ ಮತ್ತೆ ಬಳಿಯಬೇಕು, ಬಿಸಿಲು ನೆತ್ತಿಗೆ ಬರುವ ಮೊದಲು ಎತ್ತಿಬಿಡಬೇಕು, ಇಲ್ಲದಿದ್ದರೆ ಅಂಟು ಬಿಟ್ಟು ಸೋಲೇ ಬಾಯಿ ತೆರೆಯುತ್ತದೆ. ಇದನ್ನೆಲ್ಲ ಮಾಡಲು ತಾರಸಿಯಲ್ಲಿ ಕಾವಲಿಗೆ ಕೂತವಳು ಯಾರು? ನಾನು! ಅಡುಗೆ ಕೆಲಸವಿದೆಯೆಂದು ಅಮ್ಮ ಕೆಳಗೆ ಹೋದಳು.

ಟ್ಯಾಂಕಿನ ನೆರಳಿನಲ್ಲಿ ಕುಳಿತು ನಾನು ಕೊರಗಜ್ಜನಿಗೆ ಹರಕೆ ಹೇಳಿಕೊಂಡೆ. ಕಳೆದುಹೋದ ವಸ್ತು ಸಿಗಲಿ ಎಂದು ನಮ್ಮವರು ಅಜ್ಜನಿಗೆ ಚಕ್ಕುಲಿ, ವೀಳ್ಯ ಹೇಳಿಕೊಳ್ಳುತ್ತಾರೆ. ನಾನು ಹೇಳಿಕೊಂಡದ್ದು ಉಲ್ಟಾ: “ಅಜ್ಜಾ, ಇದರ ಹಳದಿ ಹೋಗದಿರಲಿ. ಒಂದು ಪ್ಯಾಕೆಟ್ ಚಕ್ಕುಲಿ ಕೊಡುತ್ತೇನೆ.” ಹಾಗೆಂದು ತಿರುಗಿಸುವುದನ್ನೇನೂ ನಾನು ತಪ್ಪಿಸಲಿಲ್ಲ. ಕೆಲಸ ಕೆಡಿಸಿದರೆ ಬೈಗುಳ ನನಗೆ, ಶೂ ಯಾರಿಗೂ ಇಲ್ಲ. ಅದು ಹಳದಿಯಾಗಿಯೇ ಉಳಿದು ನನಗೆ ಸಿಗಬೇಕಿತ್ತು, ಅಷ್ಟೇ. ಮೊದಲ ದಿನ ಟೇಪು, ಹಾಳೆ ಬಿಚ್ಚಿದಾಗ ಅಜ್ಜ ನನ್ನ ಕಡೆಗೇ ಇದ್ದ ಹಾಗೆ ಕಂಡಿತು. ಮುಂಗಾಲಿನ ಹತ್ತಿರ ಕ್ರೀಮ್ ತೆಳುವಾಗಿ, ಅಲ್ಲೊಂದು ಬಿಳಿ ಇಲ್ಲೊಂದು ಹಳದಿ ತೇಪೆ ಎದ್ದಿತ್ತು. ಜುಬೈದಕ್ಕ ನಾಲಿಗೆ ಕಚ್ಚಿಕೊಂಡರು. “ನಂದೇ ಮಿಸ್ಟೇಕ್ ಮೋಳೆ, ಕಂಜೂಸ್ ಮಾಡಿ ಬಳಿದೆ” ಎಂದು ನನಗೆ ಹೇಳಿ ಮರುವಾರ ಧಾರಾಳವಾಗಿ ಬಳಿದರು. ಮತ್ತೆ ಕಾವಲು. ಈ ಸಲ ಬಿಚ್ಚಿದಾಗ ಸೋಲು ಅಂಗಡಿಯಲ್ಲಿ ಕಂಡದ್ದಕ್ಕಿಂತಲೂ ಬೆಳ್ಳಗಿತ್ತು. ಅಮ್ಮ ಅದನ್ನು ಚೆನ್ನಾಗಿ ತೊಳೆದು, ನೆರಳಿನಲ್ಲಿ ಒಣಗಿಸಿ, ಬೆಳಕಿಗೆ ಹಿಡಿದು ನೋಡಿ, ಅದಕ್ಕೆ ಮುತ್ತು ಕೊಟ್ಟಳು. ಶೂವಿಗೆ! ನಾನು ಅಜ್ಜನ ಚಕ್ಕುಲಿ ರದ್ದು ಮಾಡಿದೆ. ಎಷ್ಟೆಂದರೂ ಅವನ ಗುಡಿ ವೀಣಕ್ಕನ ಊರಿನಲ್ಲಿದೆ, ಅವಳ ಕಡೆ ವಾಲದೆ ಇರುತ್ತಾನೆಯೇ?

ಊರಿನಲ್ಲಿ ಸೂಟ್‌ಕೇಸ್ ಬಿಚ್ಚುವುದೆಂದರೆ ಒಂದು ಪೂಜೆಯ ಹಾಗೆ. ಅಜ್ಜಿ ಮಣೆಯ ಮೇಲೆ, ನೆರೆಕರೆಯವರು ಜಗಲಿಯ ತುಂಬ. ಸೋಪು, ಬಾಮು, ಟಾರ್ಚು ಎಲ್ಲ ಹಂಚಿಯಾದ ಮೇಲೆ ಅಮ್ಮ ಪೆಟ್ಟಿಗೆ ತೆಗೆದಳು. ವೀಣಕ್ಕ ಕಂಬದ ಪಕ್ಕ ನಿಂತಿದ್ದಳು, ಅಮ್ಮನ ಕಿವಿಯವರೆಗೆ ಬೆಳೆದಿದ್ದಳು. ನಾನು ನೋಡಿದ್ದು ಅವಳ ಪಾದವನ್ನು. ಕಡಲಬದಿಯ ಹೊಯಿಗೆಯಲ್ಲಿ ಬರಿಗಾಲಲ್ಲಿ ಓಡಾಡಿ ಅಗಲವಾದ, ಬೆರಳುಗಳು ಬಿಡಿಬಿಡಿಯಾಗಿ ಹರಡಿದ ದೊಡ್ಡ ಪಾದ. ನನಗೆ ಒಳಗೊಳಗೇ ಕುಣಿಯುವ ಹಾಗಾಯಿತು. ಅವಳು ಕುಳಿತು ಕಾಲು ತೂರಿಸಿದಳು. ಅರ್ಧಕ್ಕೆ ನಿಂತಿತು. ಅಮ್ಮ ಮಂಡಿಯೂರಿ ಹಿಮ್ಮಡಿಯ ಹಿಂದೆ ಬೆರಳು ತಂದಳು, ಬೆರಳು ತೂರಿಸುವುದು ಹಾಗಿರಲಿ, ಹಿಮ್ಮಡಿಯೇ ಹೊರಗಿತ್ತು. ಜಗಲಿಯಲ್ಲಿ ಯಾರೋ, “ಸಣ್ಣದಾಯ್ತಲ್ಲ ಲೀಲಾ, ಮಗಳ ಕಾಲಿನ ಅಂದಾಜು ಇರ್ಲಿಲ್ವಾ?” ಅಂದರು. ಅಮ್ಮನ ಬೆರಳು ಅಲ್ಲೇ ನಿಂತಿತು. ಅವಳ ಮುಖ ಹೇಗಾಯಿತೆಂದರೆ, ನಾನು ಕುಣಿಯುವುದನ್ನು ನಿಲ್ಲಿಸಬೇಕಾಯಿತು.

ವೀಣಕ್ಕ ಅಮ್ಮನ ಮುಖ ನೋಡಿದಳು. ಆಮೇಲೆ ಎದ್ದು ನಿಂತು, ಗೋಡೆಗೆ ಕೈಕೊಟ್ಟು, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಗುದ್ದಿ ಒಳಗೆ ತುರುಕಿದಳು.

“ಇಲ್ಲಮ್ಮ, ಸರಿಯಾಗಿದೆ. ಹೊಸತಲ್ವಾ, ಬಿಗಿ ಇರ್ತದೆ. ನನ್ನ ಅಳತೆಯದ್ದೇ.”

ಆ ರಜೆಯಿಡೀ ಅವಳು ಆ ಶೂ ಬಿಚ್ಚಲಿಲ್ಲ. ಅಂಗಡಿಗೆ, ಮದುವೆಗೆ, ಸಮುದ್ರದ ಬದಿಗೆ, ಎಲ್ಲ ಕಡೆಗೂ ಅದೇ. ಒಂದು ಸಂಜೆ ಹಿತ್ತಲಿನ ನಳ್ಳಿಯ ಹತ್ತಿರ ಅವಳು ಒಬ್ಬಳೇ ಕಾಲು ತೊಳೆಯುತ್ತಿದ್ದಳು. ಹಿಮ್ಮಡಿಯಲ್ಲಿ ಗುಳ್ಳೆ ಒಡೆದು ಕೆಂಪಗಾಗಿತ್ತು, ಹೆಬ್ಬೆರಳಿನ ಉಗುರು ಕಪ್ಪಾಗಿತ್ತು.

“ನೋವಾಗುದಿಲ್ವಾ?” ಕೇಳಿದೆ.

“ಆಗ್ತದೆ. ಅಮ್ಮನಿಗೆ ಹೇಳಿದ್ರೆ ನೋಡು ಮತ್ತೆ.”

“ನನಗೆ ಕೊಡು ಹಾಗಾದ್ರೆ. ನನಗೆ ಕರೆಕ್ಟ್ ಆಗ್ತದೆ.”

“ಯಾಕೆ ಕೊಡ್ಬೇಕು? ನನಗೆ ತಂದದ್ದು.”

ನನಗೆ ರೇಗಿತು. ಅವಳ ಸಂಭ್ರಮಕ್ಕೆ ಮಣ್ಣು ಹಾಕಬೇಕು ಅನ್ನಿಸಿತು.

“ಅದು ಹೊಸತೇ ಅಲ್ಲ, ಗೊತ್ತುಂಟಾ? ಕಪಾಟಿನ ಮೇಲೆ ಇಟ್ಟು ಇಟ್ಟು ಹಳದಿ ಹಳದಿ ಆಗಿತ್ತು. ಅಮ್ಮ ಉಜ್ಜಿ ಉಜ್ಜಿ ಬಿಳಿ ಮಾಡಿದ್ದು!”

ವೀಣಕ್ಕ ನಳ್ಳಿ ನಿಲ್ಲಿಸಿದಳು.

“ಅಮ್ಮನೇ ಉಜ್ಜಿದ್ದಾ? ಕೈಯಲ್ಲಿ?”

“ಅಲ್ಲ, ಕಾಲಲ್ಲಿ.”

“ಹೇಳೇ. ಎಲ್ಲಿ ಕೂತು ಉಜ್ಜಿದ್ದು?”

“ಬಚ್ಚಲಲ್ಲಿ. ಬಕೆಟ್ ಬೋರಲು ಹಾಕಿ. ಕೈ ಚರ್ಮ ಎಲ್ಲ ಹೋಗಿತ್ತು. ಮತ್ತೆ ತಾರಸಿಯಲ್ಲಿ ಬಿಸಿಲಿಗೆ ಇಟ್ಟದ್ದು, ನಾನು ಕಾದದ್ದು.”

“ಮತ್ತೆ?”

“ಮತ್ತೆ ಎಂತ? ಬಿಳಿಯಾದ ಮೇಲೆ ಮುತ್ತು ಕೊಟ್ಟಳು. ಶೂವಿಗೆ. ಹುಚ್ಚು.”

“ಯಾವ ಶೂವಿಗೆ? ಎಡದ್ದಾ, ಬಲದ್ದಾ?”

ಅವಳು ನನ್ನನ್ನು ನಳ್ಳಿಯ ಕಟ್ಟೆಯ ಮೇಲೆ ಕೂರಿಸಿಕೊಂಡು ಮೊದಲಿನಿಂದ ಇನ್ನೊಮ್ಮೆ ಹೇಳಿಸಿದಳು. ಟೂತ್‌ಪೇಸ್ಟು, ಸೋಡಾ, ಬ್ಲೀಚು, ಜುಬೈದಕ್ಕನ ಕ್ರೀಮು, ಒಂದನ್ನೂ ಬಿಡಲು ಒಪ್ಪಲಿಲ್ಲ. ಅವಳ ಮುಖ ಅರಳುತ್ತಾ ಹೋಯಿತು. ಮಣ್ಣು ಹಾಕಲು ಹೋದವಳು ನಾನು, ನನ್ನ ಕೈಯಾರೆ ಅವಳಿಗೆ ಇನ್ನೊಂದು ಉಡುಗೊರೆ ಕೊಟ್ಟು ಬಂದಿದ್ದೆ. ಬರಿಯ ಶೂ ಮಾತ್ರ ಸಿಕ್ಕಿದ್ದವಳಿಗೆ ಈಗ ಅಮ್ಮನ ಆ ಬಚ್ಚಲಿನ ಮಧ್ಯಾಹ್ನಗಳೂ ಸಿಕ್ಕಿದ್ದವು. ಆ ರಾತ್ರಿ ಊಟಕ್ಕೆ ಕೂತಾಗ ಅವಳು ಅಮ್ಮನ ಕೈಯನ್ನೇ ನೋಡುತ್ತಿದ್ದಳು.

ಹೊರಡುವ ದಿನ ಟ್ಯಾಕ್ಸಿ ಬಾಗಿಲಿಗೆ ಬಂದಾಗ ವೀಣಕ್ಕ ಒಳಗಿಂದ ಪೆಟ್ಟಿಗೆ ತಂದು ಅಮ್ಮನ ಕೈಗೆ ಕೊಟ್ಟಳು. ಶೂ ತೊಳೆದು, ಒಳಗೆ ಪೇಪರು ತುರುಕಿ, ಒಪ್ಪವಾಗಿ ಇಟ್ಟಿದ್ದಳು.

“ಇದು ಅಲ್ಲೇ ಇರ್ಲಿ ಅಮ್ಮ, ನಿಮ್ಮ ಮನೆಯಲ್ಲಿ. ನಾನು ಬಂದಾಗ ಹಾಕ್ತೇನೆ.”

ಅಮ್ಮ ಅವಳನ್ನು ಅಪ್ಪಿಕೊಂಡು ಎಷ್ಟು ಅತ್ತಳೆಂದರೆ ಟ್ಯಾಕ್ಸಿಯವನು ಇಂಜಿನ್ ಆಫ್ ಮಾಡಿದ. ಪೆಟ್ಟಿಗೆ ಕಪಾಟಿನ ಮೇಲೆ ಮರಳಿ ಬಂತು, ಈ ಸಲ ಪ್ಲಾಸ್ಟಿಕ್ ಇಲ್ಲದೆ. ನಾನು ಅದನ್ನು ಕೇಳಲೇ ಇಲ್ಲ. ಕೇಳಿದರೂ ಸಿಗುವುದಿಲ್ಲ ಎಂದು ಗೊತ್ತಿತ್ತು. ಅದು ಆ ಮನೆಯಲ್ಲಿ ಅವಳ ಜಾಗ. ಪ್ರತಿವರ್ಷ ಚಳಿ ಇಳಿಯುವ ಹೊತ್ತಿಗೆ ಅಮ್ಮ ಅದನ್ನು ಇಳಿಸಿ, ಕ್ರೀಮ್ ಬಳಿದು, ತಾರಸಿಗೆ ಒಯ್ಯುತ್ತಿದ್ದಳು. ನಮ್ಮಿಬ್ಬರ ಕಾಲೂ ಅದನ್ನು ದಾಟಿ ಬೆಳೆದ ಮೇಲೂ ಬಿಡಲಿಲ್ಲ. ವೀಣಕ್ಕ ಆ ಮನೆಗೆ ಬರಲೇ ಇಲ್ಲ. ಒಂದು ವರ್ಷ ಪರೀಕ್ಷೆ, ಒಂದು ವರ್ಷ ಅಜ್ಜಿಗೆ ಹುಷಾರಿಲ್ಲ, ಆಮೇಲೆ ಕಾಲೇಜು, ಮದುವೆ. ಕೊನೆಗೆ ಆ ಕಟ್ಟಡವನ್ನೇ ಕೆಡವಿದರು.

ಈಗ ನಾನು ದೋಹಾದ ಹತ್ತಿರದ ಲುಸೈಲಿನಲ್ಲಿದ್ದೇನೆ. ಪೆಟ್ಟಿಗೆ ನನ್ನ ಕಪಾಟಿನ ಮೇಲಿದೆ. ಮಗಳು ಆಗಾಗ ಕೇಳುತ್ತಾಳೆ, “ಮಮ್ಮಾ, ಇದು ಯಾರ್ದು? ಥ್ರೋ ಮಾಡ್ಲಾ?” ಅವಳ ಬಿಳಿ ಶೂಗಳಿಗೆ ನಮ್ಮ ಮನೆಯಲ್ಲಿ ಒಂದೇ ಕಾನೂನು: ತಂದ ದಿನವೇ ಹಾಕು. ಸೋಪಿನ ಅಂಶ ಉಳಿಯದಂತೆ ತೊಳೆ, ನೆರಳಿಗಿಡು, ತೊಟ್ಟೆಯಲ್ಲಿ ಕಟ್ಟಬೇಡ, ಎಲ್ಲಕ್ಕಿಂತ ಮೊದಲು ಹಾಕಿಕೊಂಡು ನಡೆ. ಪಪ್ಪ ತೀರಿಕೊಂಡ ಮೇಲೆ ಅಮ್ಮ ಮಂಗಳೂರಿನಲ್ಲಿ ವೀಣಕ್ಕನ ಮನೆಯಲ್ಲಿದ್ದಾಳೆ. ಶುಕ್ರವಾರ ವಿಡಿಯೋ ಕಾಲ್ ಮಾಡಿದರೆ ವೀಣಕ್ಕ ಅಮ್ಮನ ಪಾದವನ್ನು ಮಡಿಲಲ್ಲಿ ಇಟ್ಟುಕೊಂಡು ಉಗುರು ಕತ್ತರಿಸುತ್ತಿರುತ್ತಾಳೆ, ಇಲ್ಲವೇ ಎಣ್ಣೆ ತಿಕ್ಕುತ್ತಿರುತ್ತಾಳೆ. ಅಮ್ಮ ಅವಳಿಗೆ ಗದರುತ್ತಾಳೆ: ಮೆಲ್ಲ, ಸಾಕು, ಆ ಬೆರಳು ಬೇಡ. ನನ್ನ ಹತ್ತಿರ ಮಾತಾಡುವಾಗ ಮಾತ್ರ ಮೆತ್ತನೆಯ ದನಿ: ಏನು ತಿಂದಿ ಮಗಾ, ಕೆಮ್ಮು ಹೋಯಿತಾ? ಆ ಗದರಿಕೆ ಕೇಳಿ ನನಗೆ ಹೊಟ್ಟೆ ಉರಿಯುತ್ತದೆ. ಈ ವಯಸ್ಸಿನಲ್ಲೂ ಉರಿಯುತ್ತದೆ.

ಮೊನ್ನೆ ಜುಬೈದಕ್ಕನ ಮಗ ಊರಿನಿಂದ ಬಂದವನು ಅಮ್ಮ ಕೊಟ್ಟ ಪಾರ್ಸೆಲ್ ತಂದುಕೊಟ್ಟ. ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ, ಅಡಿಯಲ್ಲಿ ಒಂದು ಜೊತೆ ಹೊಸ ಚಪ್ಪಲಿ. ಬಿಚ್ಚುವಷ್ಟರಲ್ಲಿ ಅಮ್ಮನದೇ ಕಾಲ್ ಬಂತು.

“ಸಿಕ್ಕಿತಾ ಮಗಾ? ವೀಣನ ಕಾಲಿಗೆ ಹಾಕಿ ನೋಡಿಯೇ ತೆಗೆದದ್ದು. ಅವಳಿಗೆ ಒಂದು ಬೆರಳು ಸಣ್ಣ ಆಗ್ತದೆ. ಹಾಗಾದ್ರೆ ನಿನಗೆ ಸರಿ. ಹಾಕು, ಹಾಕು, ನಾನು ನೋಡ್ಬೇಕು.”

ಎರಡು ಹೆರಿಗೆ, ಇಷ್ಟು ವರ್ಷದ ಆಫೀಸಿನ ಗಟ್ಟಿ ನೆಲ. ನನ್ನ ಪಾದ ಯಾವತ್ತೋ ಅಗಲವಾಗಿದೆ. ಈಗ ನನ್ನದು ವೀಣಕ್ಕನದಕ್ಕಿಂತ ದೊಡ್ಡದೋ ಏನೋ, ಅಮ್ಮನಿಗೆ ಹೇಗೆ ಗೊತ್ತಾಗಬೇಕು? ಚಪ್ಪಲಿಯ ಪಟ್ಟಿಯೊಳಗೆ ಬೆರಳುಗಳನ್ನು ಕಷ್ಟಪಟ್ಟು ತೂರಿಸಿದೆ. ಹಿಮ್ಮಡಿ ಪೂರ್ತಿ ಹಿಂದೆ ಇಳಿದು ನೆಲದ ಮೇಲಿತ್ತು. ಫೋನನ್ನು ಬೆರಳುಗಳ ಕಡೆಗೆ ಮಾತ್ರ ಹಿಡಿದೆ. ಪರದೆಯ ಮೂಲೆಯಲ್ಲಿ ವೀಣಕ್ಕ ಉಗುರು ಕತ್ತರಿಸುವುದನ್ನು ನಿಲ್ಲಿಸಿ, ಕನ್ನಡಕ ಸರಿಪಡಿಸಿಕೊಂಡು, ನನ್ನ ಪಾದವನ್ನು ಸ್ವಲ್ಪ ಹೊತ್ತು ನೋಡಿದಳು.

“ಸರಿಯಾಗಿದೆ ಅಮ್ಮ,” ನನಗಿಂತ ಮೊದಲು ಅವಳೇ ಹೇಳಿದಳು. “ಅವಳ ಅಳತೆಯದ್ದೇ.”